ಕುಮಟಾ ಬಸ್ಸಿನ ಪಾಠ

ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುತ್ತಲೇ ಗಿರೀಶ ತಲೆಯೆತ್ತಿದ. "ಮಾಸ್ತರ್ರೇ, ಎತ್ತೂಕೆ ಮೊದ್ಲು ನೀವೇ ನಾಕು ಮಾತು ಹೇಳ್ಬೇಕು. ವಸಂತಿ ಅತ್ತೆ ನಿಮ್ಮ ಬಳಗದವ್ರಲ್ವಾ?"

ಶಾಂತಾರಾಮ ಮಾಸ್ತರರು ತಲೆಯಾಡಿಸಿದರು. ಕುಮಟಾ ಹತ್ತಿರದ ಆ ಅಂಗಳದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಅರ್ಧದಷ್ಟು ಮಂದಿ ಸಣ್ಣ ಸಣ್ಣ ಶಾಲೆಗಳ ಅತಿಥಿ ಶಿಕ್ಷಕಿಯರು. ಚಾಪೆಯ ಮೇಲೆ ನಿವೃತ್ತ ಶಿಕ್ಷಕಿ ವಸಂತಿ ಅಕ್ಕೋರು ಮಲಗಿದ್ದರು. ತಲೆಯ ಬಳಿ ಅವರ ಅಕ್ಕ ಸುಬ್ಬಕ್ಕ ಕೂತಿದ್ದರು. ಮೀನು ಮಾರಿ ತಂಗಿಯನ್ನು ಓದಿಸಿದವರು. ತಾವು ಮಾತ್ರ ಒಂದು ದಿನವೂ ಶಾಲೆಗೆ ಹೋದವರಲ್ಲ.

*

ಎಂಟು ವರ್ಷದ ಹಿಂದೆ ಭಟ್ಕಳ, ಹೊನ್ನಾವರ, ಕುಮಟಾದ ಒಂಬತ್ತು ಮಂದಿ ನಿವೃತ್ತ ಶಿಕ್ಷಕರು ಸೇರಿ ಬಳಗ ಕಟ್ಟಿದ್ದರು. ತಿಂಗಳ ಎರಡನೇ ಶನಿವಾರ ಹೊನ್ನಾವರದಲ್ಲಿ ಎಳೆಯ ಶಿಕ್ಷಕರಿಗೆ ತರಬೇತಿ. ಮನೆಯಲ್ಲಿ ಕೊಂಕಣಿ, ನವಾಯತಿ, ಹಳ್ಳಿಯ ಕನ್ನಡ ಆಡುವ ಮಕ್ಕಳು ಒಂದನೇ ಇಯತ್ತೆಯಲ್ಲೇ ಹಿಂದೆ ಬೀಳಬಾರದು ಎಂಬುದು ಅವರ ಹಟ. ಆ ಮಾತು ಮೊದಲು ಎತ್ತಿದವರೇ ವಸಂತಿ.

ಎರಡನೇ ವರ್ಷ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ತರಬೇತಿ ನೋಡಲು ಬಂದಿದ್ದರು. ವಸಂತಿ ಹಲಗೆಯ ಮುಂದೆ ನಿಂತಿದ್ದರು.

"ಮಗು 'ಊಟ ಆತು' ಅಂದ್ರೆ ತಿದ್ದೂಕೆ ಹೋಗ್ಬೇಡಿ. ಅದನ್ನೇ ಬರೀಲಿ. 'ಆಯಿತು' ಆಮೇಲೆ ಬತ್ತದೆ."

ಶಾಂತಾರಾಮರು ಅಧಿಕಾರಿಯ ಮುಖ ನೋಡಿ ನಕ್ಕರು. "ಬತ್ತದೆ ಅಲ್ಲ ಅಕ್ಕೋರೇ, ಬರುತ್ತದೆ. ಮೊದಲು ನಾವು ಶುದ್ಧವಾಗಿ ಮಾತಾಡೋಣ."

ಕೋಣೆ ತುಂಬ ನಗು. ವಸಂತಿ ಸೀಮೆಸುಣ್ಣ ಕೆಳಗಿಟ್ಟು, "ನೀವೇ ಹೇಳಿ ಮಾಸ್ತರ್ರೇ," ಎಂದು ಹಿಂದಿನ ಬೆಂಚಿಗೆ ಹೋಗಿ ಕೂತರು.

ಆಮೇಲೆ ಆರು ವರ್ಷ ಅವರು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಹಲಗೆಯ ಮುಂದೆ ಮತ್ತೆ ನಿಲ್ಲಲೂ ಇಲ್ಲ. ತಪ್ಪಾಯಿತು ಎಂದು ಹೇಳಬೇಕೆಂದು ಶಾಂತಾರಾಮರಿಗೆ ಪ್ರತಿ ಸಲ ಅನ್ನಿಸುತ್ತಿತ್ತು. ಕಳೆದ ವಾರ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಪಕ್ಕದಲ್ಲೇ ಕೂತಿದ್ದರು. ಕಿತ್ತಳೆ ಸುಲಿದುಕೊಟ್ಟು, ಸೆಖೆಯ ಮಾತಾಡಿ ಎದ್ದು ಬಂದಿದ್ದರು.

*

ಯಾಣದ ದಾರಿಯ ಶಾಲೆಯಲ್ಲಿ ಕಲಿಸುವ ಸಂಗೀತಾ ಅಂಗಳ ದಾಟಿ ಬಂದು ಶಾಂತಾರಾಮರ ಪಕ್ಕ ನಿಂತಳು. ಅತ್ತು ಕಣ್ಣು ಊದಿತ್ತು.

"ಇನ್ನು ಬಸ್ಸಲ್ಲಿ ನಮ್ಗೆ ಯಾರು ಹೇಳಿಕೊಡ್ತಾರೆ ಸರ್?"

"ಬಸ್ಸಲ್ಲಿ?"

"ಶನಿವಾರ ಸಭೆ ಮುಗಿದ ಮೇಲೆ ಕುಮಟಾ ಬಸ್ಸಲ್ಲಿ ಅಕ್ಕೋರು ಮತ್ತೊಮ್ಮೆ ಪಾಠ ಮಾಡ್ತಿದ್ರು. ನೀವು ಹೇಳಿದ್ದು ನಮ್ಗೆ ಅಲ್ಲೇ ತಿಳೀತಿತ್ತು. ಊರು ಆಚೆ ದಿಕ್ಕಿಗಾದ್ರೂ ಭಟ್ಕಳದವ್ರೂ ಕೆಲವ್ರು ಬೇಕಂತ್ಲೇ ಕುಮಟಾಕ್ಕೆ ಬಂದು, ಅಲ್ಲಿಂದ ತಿರುಗಿ ಹೋಗ್ತಿದ್ರು."

"ನಂಗೆ ಎಂತಕ್ಕೆ ಯಾರೂ ಹೇಳ್ಲಿಲ್ಲ?"

ಸಂಗೀತಾ ನೆಲ ನೋಡಿದಳು. "ಅಕ್ಕೋರೇ ಬೇಡ ಅಂದಿದ್ರು. ಮಾಸ್ತರ್ರಿಗೆ ಬೇಜಾರಾಗ್ತದೆ ಅಂದ್ರು."

ಗಿರೀಶ ಕೈಸನ್ನೆ ಮಾಡಿದ. ಶಾಂತಾರಾಮರು ಮುಂದೆ ಬಂದರು. ಬೆಳಿಗ್ಗೆ ಬರೆದು ತಂದಿದ್ದ ಹಾಳೆಯನ್ನು ಕಿಸೆಯಿಂದ ತೆಗೆಯಲಿಲ್ಲ.

"ದಿವಂಗತರ ಪ್ರತಿಭೆಗೆ ನನ್ನಿಂದ ಅಪಚಾರವಾಗಿದೆ. ಬಹಿರಂಗ ಸಭೆಯಲ್ಲಿ ಅವರನ್ನು ಅವಮಾನಿಸಿ ಮೌನಕ್ಕೆ ದೂಡಿದ ಅಪರಾಧಿ ನಾನು. ಕ್ಷಮೆ ಯಾಚಿಸುವ ಅರ್ಹತೆಯೂ..."

ಸುಬ್ಬಕ್ಕ ಮುಖವೆತ್ತಿ ಸುತ್ತ ನೋಡಿದರು.

"ಎಂತ ಹೇಳ್ತಾ ಇದ್ರು ಅವ್ರು?"

ಸುಬ್ಬಕ್ಕ ಮಾಸ್ತರರ ಕಡೆಗೇ ತಿರುಗಿದರು.

"ನಂಗೆ ತಿಳೀಲಿಲ್ಲ ಮಾಸ್ತರ್ರೇ. ಇಲ್ಲಿ ಬಂದು ಹೇಳಿ."

ಶಾಂತಾರಾಮರು ಚಾಪೆಯ ಅಂಚಿನಲ್ಲಿ ಆಕೆಯ ಪಕ್ಕ ಕೂತರು. ಪುಸ್ತಕದ ಮಾತು ಬಿಟ್ಟರೆ ಆ ತಪ್ಪಿಗೆ ಮರೆಯೇ ಇರಲಿಲ್ಲ.

"ಎಲ್ಲರ ಎದ್ರಿಗೆ ನಿಮ್ಮ ತಂಗಿ ಮಾತು ಕೇಳಿ ನಾ ನಗಾಡ್ದೆ," ಎಂದರು. "ಆಮೇಲೆ ಅವ್ರು ನಮ್ಮ ಎದ್ರಿಗೆ ಮಾತೇ ಆಡ್ಲಿಲ್ಲ."

ದೇಹವನ್ನು ಎತ್ತಲು ನಾಲ್ವರು ಬಗ್ಗಿದರು. ಸುಬ್ಬಕ್ಕ ಒಂದು ಕೈಯೆತ್ತಿ ಅವರನ್ನು ತಡೆದರು. ಇನ್ನೊಂದು ಕೈಯಿಂದ ತಲೆಯ ಮೇಲಿನ ಸೆರಗು ಸರಿಸಿ, "ಈಗ ತಿಳೀತು, ಮುಂದೆ ಹೇಳಿ," ಎಂದು ಕಿವಿಯನ್ನು ಮಾಸ್ತರರ ಬಾಯಿಯ ಹತ್ತಿರ ತಂದರು.