ಬ್ರಾಂಬಲ್ ಹಗಲು ಹೊತ್ತು ಏನು ಮಾಡುತ್ತದೆ

ಡೆಸ್ ಟಪ್ಲಿನ್‌ಗೆ ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಇಂಗ್ಲೆಂಡಿನ ಇಮ್ಮಿಂಗ್‌ಹ್ಯಾಮ್ ಬಂದರಿನ ಗೇಟಿನಲ್ಲಿ ಅವನದು ರಾತ್ರಿ ಕಾವಲು, ನನ್ನದು ಹಗಲು. ಬೆಳಿಗ್ಗೆ ಪಾಳಿ ಬದಲಾಗುವಾಗ ಇಬ್ಬರೂ ಗೇಟಿನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಅವನ ಬೂಟಿನ ಮೇಲೆ ತಲೆಯಿಟ್ಟುಕೊಂಡು ಬ್ರಾಂಬಲ್ ಮಲಗಿರುತ್ತಿತ್ತು. ದೊಡ್ಡ ಜರ್ಮನ್ ಶೆಫರ್ಡ್. ಲಾರಿ ಡ್ರೈವರುಗಳು ಅದನ್ನು ಕಂಡರೆ ಕಿಟಕಿ ಗಾಜು ಏರಿಸುತ್ತಿದ್ದರು.

ನಾಯಿ ಡೆಸ್‌ನ ಸ್ವಂತದ್ದು. ನಾಯಿ ಹಿಡಿದು ಕಾವಲು ಕಾಯುವವರು ತಮ್ಮ ನಾಯಿಯನ್ನು ತಾವೇ ತರಬೇಕು, ತಾವೇ ಸಾಕಬೇಕು. ಒಂದು ದಿನ ನಾನು ಮಾತಿಗೆ ಹೇಳಿದೆ: ಕಾವಲಿನ ಲೈಸೆನ್ಸಿಗೆ ಕಟ್ಟಿದ್ದು, ಯೂನಿಫಾರ್ಮ್ ಒಗೆದ ಖರ್ಚು, ಎಲ್ಲಕ್ಕೂ ನಾನು ತೆರಿಗೆಯಲ್ಲಿ ರಿಯಾಯಿತಿ ಕೇಳಿ ಪಡೆದೆ ಅಂತ.

ಡೆಸ್ ಕಪ್ಪನ್ನು ಕೆಳಗಿಟ್ಟ. "ಹಂಗಾದ್ರೆ ಇದರ ಊಟಕ್ಕೆ?"

"ನಂಗೇನು ಗೊತ್ತು? ನಾನು ನಾಯಿ ಸಾಕಿಲ್ಲ, ಗಂಡನ್ನ ಸಾಕಿದೀನಿ. ಅವನ ಊಟಕ್ಕೆ ಕೊಡಲ್ಲ ಅಂದ್ರು."

ಅವನು ಅದನ್ನು ಅಲ್ಲಿಗೆ ಬಿಡಲಿಲ್ಲ. ಆ ವಾರವೇ ತೆರಿಗೆ ಕಚೇರಿಗೆ ಫೋನು ಮಾಡಿದ. ಆ ಕಡೆ ಒಬ್ಬ ಹೆಂಗಸು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡಳು. ಲೈಸೆನ್ಸು, ಬಟ್ಟೆ ಒಗೆಯುವುದು, ಅದೆಲ್ಲ ಸರಿ ಎಂದಳು. ಆಮೇಲೆ ನಾಯಿಯ ವಿಷಯ ಬಂತು.

"ಖರ್ಚು ಪೂರ್ತಿ ಕೆಲಸಕ್ಕೇ ಆಗಿರ್ಬೇಕು ಸರ್. ಬೇರೆ ಯಾವುದಕ್ಕೂ ಆಗಿರ್ಬಾರದು. ಕೆಲಸ ಇಲ್ಲದಾಗ ನಾಯಿ ಏನು ಮಾಡುತ್ತೆ?"

"ಮಲಗುತ್ತೆ."

"ನೀವು ನೋಡಿದೀರಾ?"

ಡೆಸ್ ನೋಡಿರಲಿಲ್ಲ. ಅವನು ಬೆಳಿಗ್ಗೆ ಮನೆಗೆ ಹೋಗಿ, ನಾಯಿಯನ್ನು ಹಿತ್ತಲ ಗೂಡಿಗೆ ಬಿಟ್ಟು, ದಪ್ಪ ಪರದೆ ಎಳೆದು ಮಲಗಿದರೆ ಏಳುವುದು ಸಂಜೆಗೆ. ಅಷ್ಟು ವರ್ಷದಲ್ಲಿ ಬ್ರಾಂಬಲ್‌ನ ಒಂದು ಮಧ್ಯಾಹ್ನವನ್ನೂ ಅವನು ಕಂಡಿರಲಿಲ್ಲ.

"ನೋಡಿ ಹೇಳ್ತೀನಿ ಮೇಡಂ," ಎಂದು ಫೋನು ಇಟ್ಟ.

ಮರುದಿನ ಅವನು ಮಲಗಲಿಲ್ಲ. ಮುಂದೆ ನಡೆದದ್ದನ್ನು ಅವನೂ ಹೇಳಿದ್ದಾನೆ, ಅವನ ಹೆಂಡತಿ ಲೊರೇನ್ ಕೂಡ ಹೇಳಿದ್ದಾಳೆ. ಇಬ್ಬರ ಮಾತೂ ಹೊಂದುತ್ತದೆ. ಪೈಜಾಮದಲ್ಲೇ ಮಹಡಿ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಪರದೆಯ ಸಂದಿಯಿಂದ ಹಿತ್ತಲು ನೋಡುತ್ತ ಕೂತ. ಬ್ರಾಂಬಲ್ ಮಲಗಿಯೇ ಇತ್ತು. ತನ್ನ ಮಾತು ನಿಜವೆಂದು ಅವನಿಗೆ ಸಮಾಧಾನವೂ ಆಯಿತು, ಸ್ವಲ್ಪ ಬೇಜಾರೂ ಆಯಿತು.

ಮಧ್ಯಾಹ್ನ ಲೊರೇನ್ ಶಾಲೆಯ ಅಡುಗೆಮನೆ ಕೆಲಸ ಮುಗಿಸಿ ಬಂದಳು. ನೇರ ಹಿತ್ತಲಿಗೆ ಹೋಗಿ ಗೂಡಿನ ಬಾಗಿಲು ತೆಗೆದಳು. ಕೆಲಸದ ದಪ್ಪ ಕೊರಳಪಟ್ಟಿಯನ್ನು ಬಿಚ್ಚಿ, ಎದೆಗೆ ಸುತ್ತುವ, ಬೆನ್ನ ಮೇಲೆ ಹಿಡಿ ಇರುವ ಬೇರೊಂದು ಪಟ್ಟಿ ಕಟ್ಟಿದಳು. ಅಂಥದ್ದು ಮನೆಯಲ್ಲಿದೆ ಎಂದೇ ಡೆಸ್‌ಗೆ ಗೊತ್ತಿರಲಿಲ್ಲ. ಕೆಲಸದ ನಾಯಿಯನ್ನು ಯಾರೂ ಮುಟ್ಟಬಾರದು, ಮುದ್ದು ಮಾಡಿದರೆ ಅದು ಕೆಡುತ್ತದೆ ಎಂಬುದು ಅವನು ಮನೆಯಲ್ಲಿ ಇಟ್ಟಿದ್ದ ಕಟ್ಟಪ್ಪಣೆ.

ಪೈಜಾಮದ ಮೇಲೆ ಕೋಟು ಹಾಕಿಕೊಂಡು ಅವನು ಹಿಂದೆಯೇ ಹೊರಟ.

ಲೊರೇನ್ ಅದೇ ಬೀದಿಯ ಐವರ್ ಸ್ಟಾಮರ್ಸ್‌ನ ಬಾಗಿಲು ತಟ್ಟಿದಳು. ಐವರ್ ಹಿಂದೆ ಮೀನು ಹಿಡಿಯುವ ದೋಣಿಗಳಲ್ಲಿ ದುಡಿದ ಮುದುಕ. ಲಕ್ವ ಹೊಡೆದ ಮೇಲೆ ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಅವನು ಬಾಗಿಲಿಗೆ ಬಂದು ನಿಂತ. ಬ್ರಾಂಬಲ್ ತಾನಾಗಿಯೇ ಅವನ ಎಡಕ್ಕೆ ಹೋಗಿ ಮೈ ಒತ್ತಿ ನಿಂತಿತು. ಅವನು ಬೆನ್ನಿನ ಹಿಡಿಯನ್ನು ಹಿಡಿದ. ಮೂವರೂ ಬೇಕರಿಯ ಕಡೆ ಹೊರಟರು. ಮುದುಕ ಒಂದು ಹೆಜ್ಜೆ ಇಟ್ಟರೆ ನಾಯಿ ಒಂದು ಹೆಜ್ಜೆ. ಅವನು ಸುಧಾರಿಸಿಕೊಳ್ಳಲು ನಿಂತರೆ ಅದೂ ನಿಲ್ಲುತ್ತಿತ್ತು. ರಸ್ತೆಯ ಅಂಚು ಬಂದಾಗ ಯಾರೂ ಹೇಳದೆಯೇ ಗಕ್ಕನೆ ನಿಂತು, ಮುದುಕ ಕಾಲು ಇಳಿಸುವವರೆಗೂ ಅಲುಗಲಿಲ್ಲ.

ಡೆಸ್‌ಗೆ ತಡೆಯಲಾಗಲಿಲ್ಲ. "ಅಂಚಲ್ಲಿ ನಿಲ್ಲೋದನ್ನ ಯಾರು ಕಲಿಸಿದ್ದು?" ಎಂದು ಹಿಂದಿನಿಂದ ಕೇಳಿದ.

ಲೊರೇನ್ ಬೆಚ್ಚಿ ತಿರುಗಿದಳು. "ಯಾರೂ ಕಲಿಸಿಲ್ಲ. ನೀನೇನು ಪೈಜಾಮದಲ್ಲಿ ಬೀದಿಗೆ ಬಂದಿದೀಯ?"

"ನಾಯಿ ಏನು ಮಾಡುತ್ತೆ ಅಂತ ನೋಡೋಕೆ. ತೆರಿಗೆಯವರು ಕೇಳಿದ್ರು."

"ತೆರಿಗೆಯವರು ನನ್ನ ನಡಿಗೆಗೂ ತೆರಿಗೆ ಹಾಕ್ತಾರೇನಯ್ಯಾ?" ಎಂದ ಐವರ್. "ಹಾಕಿದ್ರೆ ಹಾಕ್ಲಿ ಬಿಡು, ಹಂಗೂ ದೂರ ಏನಿಲ್ಲ."

"ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ," ಎಂದಳು ಲೊರೇನ್. "ಅದಕ್ಕೇ ಹೇಳ್ಲಿಲ್ಲ. ಇವರು ಮೂರು ತಿಂಗಳು ಮನೆ ಬಿಟ್ಟು ಹೊರಗೇ ಬಂದಿರಲಿಲ್ಲ ಡೆಸ್."

ಅವನು ಬೈಯುತ್ತಾನೆಂದು ಅವಳು ಕಾದಳು. ಅವನ ಗಮನ ಅಲ್ಲಿರಲೇ ಇಲ್ಲ. ಅವನು ಬಗ್ಗಿ ಬ್ರಾಂಬಲ್‌ನ ಮುಖ ನೋಡುತ್ತಿದ್ದ. ಗೇಟಿನಲ್ಲಿ ಯಾರಾದರೂ ಮಿಸುಕಿದರೆ ನೆಟ್ಟಗೆ ನಿಲ್ಲುವ ಕಿವಿಗಳು ಇಲ್ಲಿ ಹಿಂದಕ್ಕೆ ಸಡಿಲವಾಗಿ ಬಿದ್ದಿದ್ದವು. ಅವನನ್ನು ಕಂಡು ಬಾಲ ಅಲ್ಲಾಡಿಸಿತು, ಆದರೆ ಮುದುಕನ ಪಕ್ಕ ಬಿಟ್ಟು ಬರಲಿಲ್ಲ.

"ಎದುರಿಗೆ ಬೇರೆ ನಾಯಿ ಬಂದ್ರೆ?" ಎಂದು ಕೇಳಿದ.

"ಇದು ತನ್ನ ಪಾಡಿಗೆ ಹೋಗುತ್ತೆ," ಎಂದಳು ಲೊರೇನ್.

"ಎಡಕ್ಕೇ ಯಾಕೆ ನಿಲ್ಲುತ್ತೆ?"

"ನಾನು ಬೀಳೋದು ಆ ಕಡೆಗೇ ತಾನೇ," ಎಂದ ಐವರ್. "ಒಂದ್ಸಲ ಬಿದ್ದಿದ್ದೆ. ಅವತ್ತಿಂದ ಆ ಕಡೆ ಬಿಟ್ಟಿಲ್ಲ."

ಬೇಕರಿಯವರೆಗೂ ಅವನು ಪೈಜಾಮದಲ್ಲೇ ಜೊತೆಗೆ ಹೋದ, ದಾರಿಯುದ್ದಕ್ಕೂ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತ. ಬೇಕರಿಯ ಹುಡುಗಿ ಬ್ರಾಂಬಲ್‌ಗೆಂದು ಪೇಸ್ಟ್ರಿಯ ತುದಿಯನ್ನು ಕಾಗದದಲ್ಲಿ ಎತ್ತಿಟ್ಟಿದ್ದಳು. ಅದನ್ನೂ ನೋಡಿದ.

ಮರುದಿನ ಬೆಳಿಗ್ಗೆ ನಮ್ಮ ಕೋಣೆಯಿಂದಲೇ ತೆರಿಗೆ ಕಚೇರಿಗೆ ಫೋನು ಮಾಡಿದ. ಈ ಸಲ ಬೇರೆಯವರು ಎತ್ತಿಕೊಂಡರು. ಅವರಿಗೆ ಮೊದಲಿಂದ ಹೇಳಿದ.

"ಹಾಗಾದ್ರೆ ನಾಯಿಯಿಂದ ಬೇರೆ ಉಪಯೋಗಾನೂ ಇದೆ," ಎಂದರು ಅವರು.

"ಇದೆ ಸರ್. ನನಗೇ ನಿನ್ನೆ ಗೊತ್ತಾಗಿದ್ದು."

"ಊಟದ ಖರ್ಚು ಸೇರಿಸೋಕಾಗಲ್ಲ."

"ಬೇಡ, ಬಿಡಿ."

ನಾನು ತಲೆ ಚಚ್ಚಿಕೊಂಡೆ. "ಮಲಗಿಯೇ ಇರುತ್ತೆ ಅಂದಿದ್ರೆ ಮುಗೀತಿತ್ತಲ್ಲೋ. ಯಾರು ನಿನ್ನ ಹಿತ್ತಲಿಗೆ ಬಂದು ನೋಡ್ತಿದ್ರು?"

"ನಾನು ನೋಡಿದೀನಲ್ಲ," ಎಂದ.

ಲೈಸೆನ್ಸಿಗೂ ಬಟ್ಟೆಗೂ ಅವನ ತೆರಿಗೆ ಸ್ವಲ್ಪ ಇಳಿಯಿತು. ಸಂಬಳದಲ್ಲಿ ಕಣ್ಣಿಗೆ ಕಾಣುವಷ್ಟೇನಲ್ಲ. ಈಗ ರಜೆಯ ದಿನ ಅವನೂ ಮಧ್ಯಾಹ್ನಕ್ಕೇ ಎದ್ದು ಅವರ ಜೊತೆ ಹೋಗುತ್ತಾನೆ. ಮೊದಮೊದಲು ಬ್ರಾಂಬಲ್‌ಗೆ ಗೊಂದಲವಾಗುತ್ತಿತ್ತಂತೆ. ಡೆಸ್ ಯಾವ ಪಕ್ಕದಲ್ಲಿದ್ದರೂ ನಡುನಡುವೆ ನಿಂತು, ಅಪ್ಪಣೆಗೆ ಕಾಯುವಂತೆ ಅವನ ಕಡೆ ತಿರುಗಿ ನೋಡುತ್ತಿತ್ತು. ಅವನು ಒಂದಷ್ಟು ಹಿಂದೆ ಉಳಿದ ಮೇಲೆ ಸರಿಹೋಯಿತು.