ಡಾಕ್ಟರಮ್ಮನ ಮಾಸ್ಕು

“ಲೋ ಬೇವರ್ಸಿ, ಇಳೀತೀಯೋ ಇಲ್ಲಾ ಒದ್ದು ಬೀಳಿಸ್ಲೋ?”

ಹಾಗಂದ ಇನ್‌ಸ್ಪೆಕ್ಟರ್ ಗುಂಡಿಯಿಂದ ಮೂವತ್ತು ಅಡಿ ದೂರ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸ್ಟೇಷನ್ನಿಗೆ ಹೊಸದಾಗಿ ಬಂದ ಗ್ಯಾಸ್ ಮೀಟರು ಅವನ ಎದೆಯ ಮೇಲಿತ್ತು. ಅದು ಒಮ್ಮೆ ಕೀಂಯ್ ಎಂದಾಗ ಪೇದೆಗಳು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ್ದರು.

ರಿಚರ್ಡ್ಸ್ ಟೌನಿನ ಆ ಅಪಾರ್ಟ್‌ಮೆಂಟಿನ ಕಕ್ಕಸು ಗುಂಡಿಗೆ ಬೆಳಿಗ್ಗೆ ಒಬ್ಬ ಇಳಿದು ಬಿದ್ದ. ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಬಿದ್ದ. ಇಬ್ಬರಲ್ಲೂ ಜೀವವಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದದ್ದು ಹೆಣ ಎತ್ತುವ ಕೆಲಸ. ಅದಕ್ಕೆ ಕರೆಸಿದ್ದು ಮುನಿಶಾಮಿಯನ್ನು. ಇಪ್ಪತ್ತೆರಡು ವರ್ಷದಿಂದ ಪೊಲೀಸರು ಕರೆದಲ್ಲೆಲ್ಲ ಹೋಗಿ ಎತ್ತಿಕೊಟ್ಟಿದ್ದಾನೆ. ಹಲಸೂರು ಕೆರೆಯಿಂದ, ರೈಲು ಹಳಿಯಿಂದ, ಬೀಗ ಒಡೆದ ಮನೆಗಳಿಂದ.

“ಸಾರ್, ಜೀಪಲ್ಲಿ ಸಿಲಿಂಡರ್ ಮಾಸ್ಕ್ ಐತಲ್ಲ, ಅದ್ ಕೊಡಿ.”

“ಅದು ಡಾಕ್ಟರಮ್ಮಂಗೆ. ಹೆಣ ನೋಡೋಕೆ ಬರ್ತಾರೆ. ನಿಂಗ್ಯಾಕೋ? ಟ್ರೈನಿಂಗ್ ಆಗಿದ್ಯಾ?”

“ಸಾಯಕ್ಕೆ ಟ್ರೈನಿಂಗ್ ಬೇಡ್ವಾ ಸಾರ್?”

ಪೇದೆಯೊಬ್ಬ ನಕ್ಕು, ಸಾಹೇಬರ ಮುಖ ನೋಡಿ ಕೆಮ್ಮಿದ.

ಅಸೋಸಿಯೇಷನ್ ಅಧ್ಯಕ್ಷ ವೆಂಕಟಸುಬ್ಬಯ್ಯ ಮೂಗಿಗೆ ಕರ್ಚೀಫ್ ಒತ್ತಿಕೊಂಡು ಬಂದರು. “ಬೇಗ ಮುಗಿಸ್ಬಿಡಪ್ಪ. ಬೆಳಿಗ್ಗೆಯಿಂದ ಯಾರೂ ಬಾತ್‌ರೂಮ್‌ಗೆ ಹೋಗೋ ಹಾಗಿಲ್ಲ. ಒದ್ದೆ ಟವೆಲ್ ಕಟ್ಕೊಂಡ್ರೆ ಏನೂ ಆಗಲ್ವಂತೆ.”

“ಕೆಳಗಿರೋರೂ ಅದನ್ನೇ ಕಟ್ಕೊಂಡವ್ರೆ ಸಾಮಿ.”

ವೆಂಕಟಸುಬ್ಬಯ್ಯ ಲಿಫ್ಟಿನ ಕಡೆ ನಡೆದರು.

ಮುನಿಶಾಮಿ ಗುಂಡಿಗೆ ಹೋಗುವ ಓಣಿಗೆ ಅಡ್ಡವಾಗಿ ಚಕ್ಕಂಬಕ್ಕಳ ಹಾಕಿ ಕೂತ.

“ಎತ್ತಲ್ಲ ಸಾರ್. ಮಾಸ್ಕ್ ಕೊಡೋಗಂಟ ಎತ್ತಲ್ಲ.”

ಮಾತು ಹೊರಬಿದ್ದ ಮೇಲೆ ಅವನಿಗೇ ದಿಗಿಲಾಯಿತು.

ಇನ್‌ಸ್ಪೆಕ್ಟರ್ ಅವನ ತಾಯಿಯನ್ನೂ ಜಾತಿಯನ್ನೂ ಬೈದು ಮುಗಿಸಿ ಶಿವಾಜಿನಗರಕ್ಕೆ ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಆಟೋದಿಂದ ಇನಾಯತ್ ಉಲ್ಲಾ ಇಳಿದ. ಅವನದೂ ಹೆಣ ಎತ್ತುವ ಕೆಲಸವೇ. ಟವೆಲನ್ನು ಆಗಲೇ ಒದ್ದೆ ಮಾಡಿಕೊಂಡು ಬಂದಿದ್ದ.

“ಕ್ಯಾ ಮುನಿಶಾಮಿ, ಯಾಕ್ ಕೂತಿದ್ದೀಯ?”

“ಒಳಗೆ ಗ್ಯಾಸ್ ಐತೆ ಭಾಯ್. ಮಾಸ್ಕ್ ನಮ್ಗಲ್ವಂತೆ. ಇಳಿಯೋದಾದ್ರೆ ನನ್ನ ತುಳ್ಕೊಂಡು ಹೋಗು.”

ಇನಾಯತ್ ಗುಂಡಿಯ ಕಡೆ ನೋಡಿದ. ಅಲ್ಲಿಂದ ಸಾಹೇಬರು ಕೂತ ಜಾಗದವರೆಗೆ ಕಣ್ಣಲ್ಲೇ ಅಳೆದ. ಆಮೇಲೆ ಟವೆಲನ್ನು ಹಿಂಡಿ, ಕೊಡವಿ, ನೆಲಕ್ಕೆ ಹಾಸಿದ.

“ಸರ್ಕೋ ಸ್ವಲ್ಪ,” ಎಂದು ಪಕ್ಕದಲ್ಲಿ ಕೂತ.

ಇನ್‌ಸ್ಪೆಕ್ಟರ್ ಫೋನಿನಲ್ಲಿ ಮೂರನೆಯವನ ನಂಬರ್ ಹುಡುಕತೊಡಗಿದ.