ಬಟ್ಟಲು ಅಲ್ಲಾಡುವ ತನಕ

ಖಲ್ಫಾನರು ಎಲ್ಲಿಗೆ ಬಂದರೂ ಮೊದಲು ಬರುತ್ತಿದ್ದುದು ಅವರ ಬಲಭುಜ; ಉಳಿದ ಶರೀರ ಅದರ ಅಪ್ಪಣೆ ಪಡೆದಂತೆ ತುಸು ತಡವಾಗಿ ಹಿಂಬಾಲಿಸುತ್ತಿತ್ತು. ಎಳೆಯ ವಯಸ್ಸಿನಿಂದ ತಾಮ್ರದ ಕಡಾಯಿಯ ಮುಂದೆ ನಿಂತು, ದೋಣಿಯ ಹುಟ್ಟಿನಷ್ಟು ಉದ್ದದ ಸಟ್ಟುಗದಿಂದ ಹಲ್ವವನ್ನು ಮಗುಚಿ ಮಗುಚಿ ಆ ಭುಜಕ್ಕೆ ತನ್ನದೇ ಆದ ಒಂದು ಪ್ರತಿಷ್ಠೆ ಬಂದುಬಿಟ್ಟಿತ್ತು. ನಾನು ಅವರನ್ನು ಮೊದಲು ಕಂಡದ್ದು ಮಸ್ಕತ್ತಿನಿಂದ ಒಳನಾಡಿಗಿರುವ ನಿಜ್ವಾ ಊರಿನ ಶಾಲೆಗೆ ಗಣಿತ ಕಲಿಸಲು ಹೋದ ಹೊಸತರಲ್ಲಿ. ಮನೆಗೆ ಯಾರೋ ಬರುವವರಿದ್ದರು; ಒಂದು ಬಟ್ಟಲು ಹಲ್ವ ಕೊಂಡು ಬೇಗನೆ ಮರಳುವ ಆತುರದಲ್ಲಿ ಹಳೆಯ ಪೇಟೆಯ ಹಿಂದಿನ ಓಣಿಗೆ ಹೋಗಿದ್ದೆ.

"ಹಲ್ವ ಬೇಕಿತ್ತು" ಎಂದೆ.

"ಹಲ್ವ ಎಲ್ಲಿಗೆ ಓಡಿಹೋಗುತ್ತೆ? ಮೊದಲು ಕೂತ್ಕೊಳ್ಳಿ ಮೇಷ್ಟ್ರೇ" ಎಂದರು.

ಉರಿಯುವ ಒಲೆಯ ಪಕ್ಕದಲ್ಲಿಯೂ ಆ ಮನುಷ್ಯ ಬಿಳಿಯ ನಿಲುವಂಗಿಯ ಮೇಲೆ ಕಡುನೀಲಿಯ ಉಣ್ಣೆಯ ಕೋಟು ತೊಟ್ಟಿದ್ದರು. ಯಾರಾದರೂ ಬಂದರೆ ಅವರ ಮುಂದೆ ನಿಲ್ಲಲು ಮೈಮೇಲೆ ಮರ್ಯಾದೆಯ ಬಟ್ಟೆ ಇರಬೇಕೆಂಬುದು ಅವರ ಮತ. ನನ್ನ ಕ್ಷೇಮ, ನನ್ನ ತಂದೆತಾಯಿಯರ ಕ್ಷೇಮ, ನಮ್ಮ ಸೀಮೆಯ ಮಳೆ ಬೆಳೆ, ಬಾವಿಯ ನೀರು, ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿ, ಒಂದೊಂದು ಉತ್ತರಕ್ಕೂ ದೇವರನ್ನು ಸ್ತುತಿಸಿ, ಆಮೇಲೆ ಪುಟ್ಟ ಬಟ್ಟಲಿಗೆ ಹೂಜಿಯಿಂದ ಏಲಕ್ಕಿಯ ಕಾಫಿ ಸುರಿದರು. ನಾನು ಕುಡಿದೆ, ಅವರು ಸುರಿದರು. ಬೇಡವೆನ್ನುವುದು ಅವಿನಯವೆಂದು ನಾನು ಕುಡಿಯುತ್ತ ಹೋದೆ. ನಿಲ್ಲಿಸುವುದು ಅವಿನಯವೆಂದು ಅವರು ಸುರಿಯುತ್ತ ಹೋದರು. ಮೂಲೆಯಲ್ಲಿ ಕುಳಿತಿದ್ದ ಅವರ ತಮ್ಮ ಹಿಲಾಲ್ ಕೊನೆಗೆ ನಗು ತಡೆಯಲಾರದೆ ಕೂಗಿದ: "ಬಟ್ಟಲು ಅಲ್ಲಾಡ್ಸಿ ಮೇಷ್ಟ್ರೇ! ಆಕಡೆ ಈಕಡೆ ಅಲ್ಲಾಡ್ಸಿದ್ರೆ ಸಾಕು ಅಂತ ಅರ್ಥ. ಇಲ್ದಿದ್ರೆ ನಮ್ಮಣ್ಣ ನಿಮ್ಮನ್ನ ಕಾಫೀಲೇ ಮುಳುಗಿಸಿ ಬಿಡ್ತಾನೆ!"

ಅಲ್ಲಾಡಿಸಿದೆ. ಖಲ್ಫಾನರು ಅದೇ ಕ್ಷಣ ಹೂಜಿ ಕೆಳಗಿಟ್ಟು, ದೊಡ್ಡ ಕೆಲಸವೊಂದನ್ನು ಮುಗಿಸಿದವರಂತೆ ನಿಟ್ಟುಸಿರುಬಿಟ್ಟರು. ಹಲ್ವದ ಹಣವನ್ನು ಮಾತ್ರ ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ. ಕಾಫಿ ಕುಡಿದವನು ಅತಿಥಿ. ಅತಿಥಿಯಿಂದ ಹಣ ಪಡೆಯುವ ಕುಲ ತಮ್ಮದಲ್ಲವಂತೆ.

ಇಂಥವರು ವ್ಯಾಪಾರ ಮಾಡಿ ಅಷ್ಟು ಕಾಲ ಉಳಿದದ್ದೇ ಒಂದು ಸೋಜಿಗ. ಓಣಿಯಲ್ಲಿ ಜನಸಂಚಾರವಿದ್ದಾಗ ಆ ದಾಕ್ಷಿಣ್ಯವನ್ನು ಅಂಗಡಿ ಹೇಗೋ ತಾಳಿಕೊಂಡಿತು. ಹೊಸ ಹೆದ್ದಾರಿ ಬಂದು, ಅದರ ಬದಿಯಲ್ಲಿ ಗಾಜಿನ ಮಳಿಗೆಗಳು ಎದ್ದು, ಹಲ್ವ ಅಲ್ಲಿ ಡಬ್ಬಿಗಳಲ್ಲಿ ಸಾಲಾಗಿ ನಿಂತ ಮೇಲೆ ಓಣಿ ಬರಿದಾಯಿತು. ಅಂಗಡಿಯಲ್ಲಿ ಅರ್ಧ ಪಾಲಿನವನಾದ ಹಿಲಾಲ್ ಒಂದು ದಿನ ನನ್ನೆದುರಿಗೇ ಖಂಡತುಂಡವಾಗಿ ಹೇಳಿಬಿಟ್ಟ: "ಅಣ್ಣಾ, ಈ ಈದ್ ಹಬ್ಬಕ್ಕೆ ಕಡಾಯಿ ಖಾಲಿ ಆಗ್ಬೇಕು. ಆಗ್ಲಿಲ್ವೋ, ಹಬ್ಬ ಮುಗೀತಿದ್ದ ಹಾಗೆ ಒಲೆ ಆರಿಸೋದೇ. ಜಾಗ ಬಾಡಿಗೆಗೆ ಕೊಡ್ತೀನಿ."

ಅಜ್ಜ ಹೊತ್ತಿಸಿದ ಒಲೆ ಅದು. ಖಲ್ಫಾನರು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಹಾಕಿಕೊಂಡರು.

ಅವರ ನೆರವಿಗೆ ನಿಂತವಳು ಹಿಲಾಲನ ಮಗಳು ಝುವೈನಾ. ನನ್ನ ಶಿಷ್ಯೆ; ಲೆಕ್ಕದಲ್ಲಿ ಜಾಣೆ, ವಾದದಲ್ಲಿ ಇನ್ನೂ ಜಾಣೆ; ಮಸ್ಕತ್ತಿನಲ್ಲಿ ವ್ಯಾಪಾರಶಾಸ್ತ್ರ ಓದಿ ಬಂದಿದ್ದಳು. "ದೊಡ್ಡಪ್ಪಾ, ಜನ ಈಗ ಓಣೀಲಿಲ್ಲ, ಫೋನಲ್ಲಿದಾರೆ. ನಾವೇ ಅಲ್ಲಿಗೆ ಹೋಗ್ಬೇಕು" ಎಂದಳು.

"ಅಷ್ಟೂ ಜನಾನಾ?" ಎಂದು ಖಲ್ಫಾನರು ಚಿಂತೆಗೊಳಗಾದರು. "ಹಾಗಾದ್ರೆ ನಮ್ಮ ಚಾಪೆ ಸಾಲಲ್ವಲ್ಲೇ."

ಝುವೈನಾಳ ಯೋಜನೆ ಅಚ್ಚುಕಟ್ಟಾಗಿತ್ತು. ವಾರದ ಮೊದಲಲ್ಲಿ ಹಲ್ವದ ಬಣ್ಣ ಕಣ್ಣಿಗೆ ಹೊಡೆಯುವಂಥ ಚಿತ್ರ, ನಡುವೆ ಕೇಸರಿಯ ಮೇಲೆ ನಾಲ್ಕು ಮಾತು, ಕೊನೆಯಲ್ಲಿ ಬೆಲೆ, ವಿಳಾಸ. ಯಾರಾದರೂ ಏನಾದರೂ ಕೇಳಿದರೆ ತಕ್ಷಣ ಚುಟುಕಾದ ಉತ್ತರ. ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಅದನ್ನು ಖಲ್ಫಾನರು ಕೈಕಟ್ಟಿ ನಿಂತು ಶ್ರದ್ಧೆಯಿಂದ ಓದಿದರು. ಮತ್ತು ಮೊದಲ ದಿನವೇ ಅದರ ಮೊದಲ ಸಾಲನ್ನು ತಿರಸ್ಕರಿಸಿದರು.

"ತಿನ್ನೋ ಪದಾರ್ಥಾನ ಮುಖದ ಮುಂದೆ ಹಿಡಿದು, ಕೊಡದೇ ಹಿಂದಕ್ಕೆ ತಗೊಳ್ಳೋದಾ? ಮಕ್ಕಳನ್ನ ಅಳಿಸೋರು ಹಾಗೆ ಮಾಡ್ತಾರೆ. ಆಗಲ್ಲಮ್ಮ."

ಎಷ್ಟೇ ಬೇಡಿಕೊಂಡರೂ ಹಲ್ವದ ಚಿತ್ರಕ್ಕೆ ಅವರು ಒಪ್ಪಲಿಲ್ಲ. ಅವರು ಅನುಮತಿಸಿದ ಏಕೈಕ ಚಿತ್ರವೆಂದರೆ ತೊಳೆದು, ಉಜ್ಜಿ, ಬೋರಲು ಹಾಕಿದ ಖಾಲಿ ಕಡಾಯಿಯದು. ಅದೇ ಲೋಕದ ಮುಂದೆ ಹೋಯಿತು. ಹಿಲಾಲ್ ಅದನ್ನು ನೋಡಿ, "ಭೇಷ್, ಅಂಗಡಿ ಮುಚ್ಚಿದಾರೆ ಅನ್ನೋದು ಈಗ ದೇಶಕ್ಕೆಲ್ಲ ಗೊತ್ತಾಯ್ತು" ಎಂದ.

ಪ್ರಶ್ನೋತ್ತರದ ಕಥೆ ಇನ್ನೂ ವಿಚಿತ್ರ. ಫೋನು ಅವರ ಕೋಟಿನ ಒಳಜೇಬಿನಲ್ಲಿ ಕರವಸ್ತ್ರ ಹೊದ್ದು, ಗೂಡಿನಲ್ಲಿನ ಹಕ್ಕಿಮರಿಯಂತೆ ಮಲಗಿರುತ್ತಿತ್ತು. ಅದು ಸದ್ದು ಮಾಡಿದರೆ ಸಾಕು, ಬಾಗಿಲಿಗೆ ಯಾರೋ ಬಂದರೆಂಬಂತೆ ಎದ್ದು ನಿಲ್ಲುವರು. ಸುಹಾರ್ ಪಟ್ಟಣದ ಒಬ್ಬ ಹೆಂಗಸು ಕಡಾಯಿಯ ಚಿತ್ರದ ಕೆಳಗೆ "ಹಲ್ವಕ್ಕೆ ಎಷ್ಟು?" ಎಂದು ಬರೆದರು. ಬೆಲೆಯನ್ನು ಅಷ್ಟು ಒರಟಾಗಿ ಹೇಳುವುದು ಹೇಗೆ? ಖಲ್ಫಾನರು ಅವರ ಕ್ಷೇಮ ಕೇಳಿದರು, ಅವರು ಹೇಳಿದರು. ಮಕ್ಕಳ ಓದು ಕೇಳಿದರು, ಹೇಳಿದರು. ತೋಟದ ಖರ್ಜೂರ ಹಣ್ಣಾಯಿತೇ ಎಂದರು. ಆ ತಾಯಿಯೂ ಸುಸಂಸ್ಕೃತ ಮನೆತನದವರೆಂದು ತೋರುತ್ತದೆ, ಮರಮರದ ವರದಿ ಬಂತು. ವಾರವಾದರೂ ಸಂಭಾಷಣೆ ಹಲ್ವದ ಹತ್ತಿರ ಸುಳಿಯಲಿಲ್ಲ.

"ದೊಡ್ಡಪ್ಪಾ, ಬೆಲೆ ಹೇಳಿದ್ರಾ?"

"ತಾಳೇ, ಅವರತ್ತೆಗೆ ಮಂಡಿನೋವು. ಈಗ ಹಲ್ವದ ಮಾತು ತೆಗೆದ್ರೆ ಏನಂದ್ಕೊಂಡಾರು?"

ಹಬ್ಬ ಹತ್ತಿರವಾಯಿತು. ಝುವೈನಾ ಕೊನೆಯ ಅಸ್ತ್ರವಾಗಿ ನೇರಪ್ರಸಾರವನ್ನು ಗೊತ್ತುಮಾಡಿದಳು. ಫೋನನ್ನು ಅಕ್ಕಿಯ ಡಬ್ಬದ ಮೇಲೆ ನಿಲ್ಲಿಸಿ, "ನೀವು ಮಾಡ್ಬೇಕಾದ್ದು ಇಷ್ಟೇ. ನಮಸ್ಕಾರ ಅನ್ನಿ, ಬೆಲೆ ಹೇಳಿ, ದಾರಿ ಹೇಳಿ, ಮುಗಿಸಿ" ಎಂದಳು. ಖಲ್ಫಾನರು ಕೋಟಿನ ಗುಂಡಿ ಹಾಕಿಕೊಂಡು ಚಾಪೆಯ ಮೇಲೆ ಕುಳಿತರು. ಹಿಲಾಲ್ ಬಾಗಿಲಿಗೆ ಒರಗಿ ನಿಂತಿದ್ದ, ನಾನು ಮೂಲೆಯಲ್ಲಿದ್ದೆ.

ಅವರು ಫೋನಿನ ಕಡೆ ಬಾಗಿ, "ಬನ್ನಿ, ಬನ್ನಿ. ಹೇಗಿದೀರಾ?" ಎಂದರು. ಎಂದು, ಸುಮ್ಮನಾದರು. ಉತ್ತರ ಕೊಡಲು ಎದುರಿನವರಿಗೆ ಸಮಯ ಬೇಡವೇ? ತಕ್ಕಷ್ಟು ಕಾದು, "ದೇವರು ದೊಡ್ಡವನು" ಎಂದು ತಲೆದೂಗಿದರು. "ಮನೇಲೆಲ್ಲ ಆರಾಮಾ?" ಮತ್ತೆ ಮೌನ, ಮತ್ತೆ ಸ್ತುತಿ. ಝುವೈನಾ ಫೋನಿನ ಹಿಂದೆ ನಿಂತು ಬೆಲೆ, ಬೆಲೆ ಎಂದು ಕೈಸನ್ನೆ ಮಾಡುತ್ತಿದ್ದಳು. ಖಲ್ಫಾನರು ಅದನ್ನು ಕಾಫಿ ಕೊಡಿ ಎಂದು ತಿಳಿದುಕೊಂಡರು.

ಎಡಗೈಯಲ್ಲಿ ಹೂಜಿ ಹಿಡಿದು, ಬಲಗೈಯಿಂದ ಬಟ್ಟಲನ್ನು ಫೋನಿನ ಮುಂದಿಟ್ಟು ಸುರಿದರು. ಕಾದರು. ಬಟ್ಟಲು ಅಲ್ಲಾಡಲಿಲ್ಲ. ಫೋನಿನ ಪರವಾಗಿ ತಾವೇ ಅದನ್ನು ಕುಡಿದು, ಮತ್ತೊಮ್ಮೆ ತುಂಬಿಸಿ ಇಟ್ಟರು. ಅಲ್ಲಾಡಲಿಲ್ಲ. ಮತ್ತೆ ಕುಡಿದರು, ಮತ್ತೆ ತುಂಬಿಸಿದರು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಅತಿಥಿ ಸಾಕೆನ್ನುತ್ತಿಲ್ಲ, ಆತಿಥೇಯ ನಿಲ್ಲಿಸುವಂತಿಲ್ಲ. ಹೂಜಿಯ ಹೊಟ್ಟೆ ಹಗುರಾದಂತೆಲ್ಲ ಅವರ ಮುಖದಲ್ಲಿ ದಿಗಿಲು ಹೆಚ್ಚಿತು.

"ಹಿಲಾಲ್," ಎಂದು ಕಣ್ಣು ಫೋನಿನಿಂದ ಕೀಳದೆ ಪಿಸುಗುಟ್ಟಿದರು, "ಇನ್ನೊಂದು ಹೂಜಿ ಇಡೋ. ಪಾಪ, ಬಹಳ ದೂರದಿಂದ ಬಂದಿದಾರೆ ಅಂತ ಕಾಣುತ್ತೆ."

ಹಿಲಾಲ್ ನಕ್ಕನೇ ಹೊರತು ಅಲುಗಲಿಲ್ಲ. ಆಗ ಝುವೈನಾ ತನ್ನ ಯೋಜನೆಯನ್ನೂ ವ್ಯಾಪಾರಶಾಸ್ತ್ರವನ್ನೂ ಒಟ್ಟಿಗೆ ಕೈಬಿಟ್ಟು, ಮುಂದೆ ಬಂದು, ಫೋನನ್ನೇ ಎರಡು ಬೆರಳಲ್ಲಿ ಹಿಡಿದು ಆಕಡೆ ಈಕಡೆ ಮೆಲ್ಲಗೆ ಅಲ್ಲಾಡಿಸಿದಳು.

ಖಲ್ಫಾನರು ಹೂಜಿ ಕೆಳಗಿಟ್ಟರು. "ಸಾಕಾಯ್ತಂತೆ. ದೇವರು ದೊಡ್ಡವನು" ಎಂದರು. ನೇರಪ್ರಸಾರ ಮುಗಿಯಿತು. ಬೆಲೆಯನ್ನೂ ಹೇಳಿರಲಿಲ್ಲ, ದಾರಿಯನ್ನೂ ಹೇಳಿರಲಿಲ್ಲ. ಝುವೈನಾ ಗೋಡೆಯ ಹಾಳೆಯನ್ನು ಕಿತ್ತು ಒಲೆಗೆ ಹಾಕಿದಳು.

ಮರುದಿನ ಫೋನು ಸುಮ್ಮನಿರಲೊಲ್ಲದು. ಖಲ್ಫಾನರಿಗೆ ಎದ್ದು ನಿಂತು ನಿಂತು ಕಾಲು ನೋವು. ಮಸ್ಕತ್ತಿನಿಂದ, ಸಲಾಲಾದಿಂದ, ಓದಲು ಹಿಮದ ದೇಶಗಳಿಗೆ ಹೋಗಿ ಮನೆಯ ಕಾಫಿಯನ್ನು ನೆನೆಯುತ್ತಿದ್ದ ಮಕ್ಕಳಿಂದ, ತಮ್ಮ ತಮ್ಮ ಬಟ್ಟಲನ್ನು ಅಲ್ಲಾಡಿಸಿ, "ಸಾಕು ಅಜ್ಜಾ, ಹೊಟ್ಟೆ ತುಂಬ್ತು, ನೀವು ಕೂತ್ಕೊಳ್ಳಿ" ಎನ್ನುವ ಪುಟ್ಟ ಪುಟ್ಟ ವಿಡಿಯೋಗಳು. ಸುಹಾರಿನ ಆ ತಾಯಿಯೂ ಒಂದನ್ನು ಕಳಿಸಿದ್ದರು. ಪಕ್ಕದಲ್ಲಿ ಮಂಡಿನೋವಿನ ಅತ್ತೆ ಕುಳಿತಿದ್ದರು. ಅಂಗಡಿ ಎಲ್ಲಿದೆಯೆಂದು ಯಾರೂ ಹೇಳಿರದಿದ್ದರೂ ಜನ ಪತ್ತೆಹಚ್ಚಿದರು. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಆ ಓಣಿಯಲ್ಲಿ ಚಪ್ಪಲಿ ಬಿಡಲೂ ಸ್ಥಳವಿರಲಿಲ್ಲ.

ಇಲ್ಲಿಗೆ ಎಲ್ಲ ಸುಖಾಂತವಾಯಿತೆಂದು ತಿಳಿಯುವವರು ಖಲ್ಫಾನರನ್ನು ಬಲ್ಲವರಲ್ಲ. ಬಂದವರೆಲ್ಲ ಫೋನಿನಲ್ಲಿ ಆಗಲೇ ಅವರ ಕಾಫಿ ಕುಡಿದವರು, ಆದ್ದರಿಂದ ಅತಿಥಿಗಳು, ಆದ್ದರಿಂದ ಅವರಿಂದ ಹಣ ಪಡೆಯುವಂತಿಲ್ಲ. ಮೊದಲ ದಿನದ ಸಂಜೆ ಹಿಲಾಲ್ ತಲೆಯ ಮೇಲೆ ಕೈಹೊತ್ತು ಕುಳಿತ. "ಕಡಾಯಿ ಖಾಲಿ ಮಾಡು ಅಂದಿದ್ದೆ, ಮಾಡಿದೀಯ. ಗಲ್ಲಾನೂ ಖಾಲಿ ಮಾಡು ಅಂದಿದ್ನಾ?"

ದಾರಿ ತೋರಿದವಳು ಮತ್ತೆ ಝುವೈನಾಳೇ. ಅಂಗಡಿಯ ಹಿಂಬದಿಯಲ್ಲಿ, ಇನ್ನೊಂದು ಓಣಿಗೆ ತೆರೆಯುವ ಹಳೆಯ ಕಿಟಕಿಯಿತ್ತು. ಅಲ್ಲಿ ಹಲ್ವ ತೂಗಿ ಮಾರಲು ತಾನೇ ಕುಳಿತಳು. ಮುಂಬಾಗಿಲಿನಿಂದ ಅತಿಥಿಗಳಾಗಿ ಬಂದವರು ಕಾಫಿ ಕುಡಿದು, ಬಟ್ಟಲು ಅಲ್ಲಾಡಿಸಿ, ಗೋಡೆಯನ್ನು ಸುತ್ತಿ ಹೋದರೆ ಹಿಂದಿನ ಕಿಟಕಿಯಲ್ಲಿ ಗಿರಾಕಿಗಳಾಗುತ್ತಿದ್ದರು. ಖಲ್ಫಾನರಿಗೆ ಇದು ತಿಳಿಯದೆಂದು ಮನೆಯವರೆಲ್ಲ ನಟಿಸಿದರು. ಎಲ್ಲರಿಗಿಂತ ಚೆನ್ನಾಗಿ ನಟಿಸಿದವರು ಖಲ್ಫಾನರು. ಎದ್ದು ಹೊರಡುವವರಿಗೆ, ಎಲ್ಲೋ ನೋಡುತ್ತ, "ಹಿಂದಿನ ಓಣೀಲಿ ಯಾರೋ ಹಲ್ವ ಮಾರ್ತಾರಂತಪ್ಪ, ಪರವಾಗಿಲ್ಲ ಅಂತಾರೆ" ಎನ್ನುವರು.

ಹಬ್ಬ ಮುಗಿಯಿತು, ಒಲೆ ಆರಲಿಲ್ಲ. ಹಿಲಾಲ್ ಬಾಡಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ. ಕಿಟಕಿಯ ಹಿಂದೆ ಮಗಳ ಪಕ್ಕದಲ್ಲಿ ಕುಳಿತು ಪೊಟ್ಟಣ ಕಟ್ಟುವುದನ್ನು ಕಲಿತ.

ಗುರುತಿಲ್ಲದವರ ಕಣ್ಣನ್ನು ಒಂದು ಗಳಿಗೆ ಹಿಡಿದು ನಿಲ್ಲಿಸುವುದು ಹೇಗೆಂದು ಇಂದು ಲೋಕವೆಲ್ಲ ತಲೆಕೆಡಿಸಿಕೊಂಡಿದೆ. ಖಲ್ಫಾನರ ಜಾತಿಯ ಜನಕ್ಕೆ ಗುರುತಿಲ್ಲದವರೆಂದರೆ ಯಾರೆಂಬುದೇ ಅರ್ಥವಾಗುವುದಿಲ್ಲ. ಅವರ ಪಾಲಿಗೆ ಜನರಲ್ಲಿ ಇರುವುದು ಎರಡೇ ಬಗೆ: ಬಂದು ಕುಳಿತವರು, ಇನ್ನೂ ದಾರಿಯಲ್ಲಿರುವವರು. ಇಂಥವರಿಗೆ ವ್ಯಾಪಾರ ಕಲಿಸಲು ಹೊರಟವರು ಕೊನೆಗೆ ಚಾಪೆ ಹಾಸಲು ಕಲಿತು ಮರಳುತ್ತಾರೆ.

ಈಗ ಅವರಿಗೆ ವಯಸ್ಸಾಗಿದೆ. ಸಟ್ಟುಗವನ್ನು ಬೇರೆಯವರು ಹಿಡಿಯುತ್ತಾರೆ. ಆದರೆ ಗುರುವಾರ ಸಂಜೆಗಳಲ್ಲಿ ಫೋನಿಗೆಂದು ಹೊಲಿಸಿದ ಪುಟ್ಟ ದಿಂಬಿನ ಮೇಲೆ ಅದನ್ನು ಒರಗಿಸಿ, ಕೋಟಿನ ಗುಂಡಿ ಹಾಕಿಕೊಂಡು, ಕ್ಷೇಮ ಕೇಳಿ, ಉತ್ತರಕ್ಕೆ ಕಾದು, ಕಾಫಿ ಸುರಿಯುತ್ತಾರೆ. ಬೆಲೆ ಹೇಳುವುದಿಲ್ಲ. ಎಲ್ಲ ಮುಗಿದ ಮೇಲೆ ಬಲಭುಜವನ್ನು ಮುಂದೆ ಮಾಡಿ, ಫೋನನ್ನು ಎತ್ತಿ, ನೋಡುವವರೆಲ್ಲರ ಪರವಾಗಿ ತಾವೇ ಮೆಲ್ಲಗೆ ಅಲ್ಲಾಡಿಸುತ್ತಾರೆ. ಕಡಾಯಿ, ಹೂಜಿ, ಕೋಟಿನ ಗುಂಡಿಗಳು, ಎಲ್ಲವೂ ಒಮ್ಮೆ ಆಕಡೆ, ಒಮ್ಮೆ ಈಕಡೆ ತೂಗಿ, ಪರದೆ ಕಪ್ಪಾಗುತ್ತದೆ.